ವಿಡಿಯೊ ಸಂಕಲನದ ಕಂಪ್ಯೂಟರಿಗೆ ಡಿಸ್ಕ್ ಆಯ್ಕೆ: ವೇಗಕ್ಕಿಂತ ಮೊದಲು ಎರಡನೆಯ ಪ್ರತಿ

ನಮ್ಮ ಸಂಸ್ಥೆಯ ಸದಸ್ಯರೊಬ್ಬರು ಕೆಲವು ತಿಂಗಳ ಹಿಂದೆ ವಾರ್ಷಿಕ ಲೆಕ್ಕಪತ್ರಗಳಿಗೆ ಸಹಿ ಹಾಕಲು ಹೊಸಪೇಟೆಯ ನಮ್ಮ ಕಚೇರಿಗೆ ಬಂದಿದ್ದರು. ಕೆಲಸ ಮುಗಿದ ಮೇಲೆ ಜೇಬಿನಿಂದ ಒಂದು ದರಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. "ಮಗನಿಗೆ ವಿಡಿಯೊ ಸಂಕಲನದ ಹವ್ಯಾಸ ಹಿಡಿದಿದೆ. ಹಂಪಿಯ ಗುಡಿ, ಹೊಳೆ, ಉತ್ಸವ ಎಲ್ಲವನ್ನೂ ಚಿತ್ರೀಕರಿಸುತ್ತಾನೆ. ನಮ್ಮ ಮಿಲ್ಲಿನ ಅಕ್ಕಿಯ ಬಗೆಗೂ ಒಂದು ಕಿರುಚಿತ್ರ ಮಾಡಿಕೊಟ್ಟಿದ್ದಾನೆ. ಅದಕ್ಕಾಗಿ ಕಂಪ್ಯೂಟರ್ ಬೇಕಂತೆ. ಈ ಪಟ್ಟಿಯನ್ನು ನೀವೊಮ್ಮೆ ಆಡಿಟ್ ಮಾಡಿಕೊಡಿ" ಎಂದು ನಕ್ಕರು.

ನಾನು ಕಂಪ್ಯೂಟರ್ ಎಂಜಿನಿಯರ್ ಅಲ್ಲ. ವಾಣಿಜ್ಯ ಪದವೀಧರ, ವೃತ್ತಿಯಿಂದ ಲೆಕ್ಕಪರಿಶೋಧಕ. ಆದರೆ ನನಗೂ ಇಪ್ಪತ್ತು ವರ್ಷಗಳಿಂದ ಇದೇ ಹವ್ಯಾಸವಿದೆ, ಅದರಲ್ಲಿ ಒಂದು ದೊಡ್ಡ ನಷ್ಟವನ್ನೂ ಅನುಭವಿಸಿದ್ದೇನೆ. ಆದ್ದರಿಂದ ಪಟ್ಟಿಯನ್ನು ಗಂಭೀರವಾಗಿಯೇ ಓದಿದೆ. ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಸಮಂಜಸವಾಗಿದ್ದವು. ಡಿಸ್ಕಿನ ಸಾಲಿನಲ್ಲಿ ಮಾತ್ರ ಒಂದೇ ನಮೂದು: ಮಾರುಕಟ್ಟೆಯಲ್ಲಿ ಅತಿ ವೇಗದ 2 ಟಿಬಿ ಎಸ್‌ಎಸ್‌ಡಿ, ಒಂದು. ಒಬ್ಬ ವರ್ತಕನು ತನ್ನ ಸಮಸ್ತ ಸರಕನ್ನೂ, ನಗದನ್ನೂ, ಖಾತೆ ಪುಸ್ತಕಗಳನ್ನೂ ಒಂದೇ ಕೋಣೆಯಲ್ಲಿಟ್ಟು, ಆ ಕೋಣೆಗೆ ಅತ್ಯಂತ ದುಬಾರಿ ಬಾಗಿಲನ್ನು ಹಾಕಿಸಿದಂತಿತ್ತು ಆ ನಮೂದು.

ಇಂದು ಈ ವಿಷಯವು ಕೇವಲ ಮಕ್ಕಳ ಹವ್ಯಾಸವಾಗಿ ಉಳಿದಿಲ್ಲ. ಹಂಪಿಯ ಸುತ್ತಲಿನ ವಸತಿಗೃಹಗಳ ಮಾಲೀಕರು, 2010ರಲ್ಲಿ ಭೌಗೋಳಿಕ ಸೂಚಕ ಪಡೆದ ಸಂಡೂರಿನ ಲಂಬಾಣಿ ಕಸೂತಿಯ ಮಾರಾಟಗಾರರು, ಕಂಪ್ಲಿಯ ಅಕ್ಕಿ ಗಿರಣಿಯವರು ಮುಂತಾದವರೆಲ್ಲ ತಮ್ಮ ಸರಕನ್ನು ಗಿರಾಕಿಗೆ ತೋರಿಸಲು ಮನೆಯಲ್ಲೇ ವಿಡಿಯೊ ತಯಾರಿಸುತ್ತಿದ್ದಾರೆ. ಆದ್ದರಿಂದ ಡಿಸ್ಕುಗಳ ಆಯ್ಕೆಯ ಬಗೆಗೆ ಕೆಲವು ವಿಚಾರಗಳನ್ನು ಸದಸ್ಯ ಬಂಧುಗಳ ಮುಂದಿಡುವುದು ಪ್ರಯೋಜನಕಾರಿ ಎಂದು ಭಾವಿಸುತ್ತೇನೆ.

ಮೊದಲು ಬೇಡಿಕೆಯ ಅಂದಾಜು

ಗೋದಾಮನ್ನು ಬಾಡಿಗೆಗೆ ಹಿಡಿಯುವ ಮುನ್ನ ಎಷ್ಟು ಚೀಲ ಬರುತ್ತದೆಂದು ಲೆಕ್ಕ ಹಾಕುತ್ತೇವೆ. ಇಲ್ಲಿಯೂ ಅದೇ ಕ್ರಮ. ಒಂದು ಗಂಟೆಯ ಚಿತ್ರೀಕರಣವು ಎಷ್ಟು ಜಾಗವನ್ನು ಬೇಡುತ್ತದೆ ಎಂಬುದು ಕ್ಯಾಮೆರಾದ ವಿಧಾನವನ್ನು ಅವಲಂಬಿಸಿದೆ. ಸ್ಥೂಲ ಅಂದಾಜು ಹೀಗಿದೆ:

1. ಹಳೆಯ ಮಿನಿ ಡಿವಿ ಟೇಪು: ಗಂಟೆಗೆ ಸುಮಾರು 13 ಜಿಬಿ.
2. ಮೊಬೈಲಿನಲ್ಲಿ ಸಾಮಾನ್ಯ ಎಚ್‌ಡಿ, ಸೆಕೆಂಡಿಗೆ 30 ಚೌಕಟ್ಟು: ನಿಮಿಷಕ್ಕೆ ಸುಮಾರು 60 ಎಂಬಿ, ಗಂಟೆಗೆ 3.6 ಜಿಬಿ.
3. ಮೊಬೈಲಿನಲ್ಲಿ 4ಕೆ, 30 ಚೌಕಟ್ಟು: ನಿಮಿಷಕ್ಕೆ ಸುಮಾರು 170 ಎಂಬಿ, ಗಂಟೆಗೆ 10 ಜಿಬಿ.
4. ಮೊಬೈಲಿನಲ್ಲಿ 4ಕೆ, 60 ಚೌಕಟ್ಟು: ನಿಮಿಷಕ್ಕೆ ಸುಮಾರು 400 ಎಂಬಿ, ಗಂಟೆಗೆ 24 ಜಿಬಿ.
5. ಸೆಕೆಂಡಿಗೆ 100 ಮೆಗಾಬಿಟ್ ದಾಖಲಿಸುವ 4ಕೆ ಕ್ಯಾಮೆರಾ: ಗಂಟೆಗೆ 45 ಜಿಬಿ.
6. ಪ್ರೊರೆಸ್ ಮಾದರಿಯ, ಕಡಿಮೆ ಸಂಕುಚಿತಗೊಂಡ 4ಕೆ: ನಿಮಿಷಕ್ಕೆ ಸುಮಾರು 6 ಜಿಬಿ, ಗಂಟೆಗೆ 360 ಜಿಬಿ.

ಇಲ್ಲಿ ಬಿಟ್ ಮತ್ತು ಬೈಟ್ ಎಂಬ ಎರಡು ಅಳತೆಗಳನ್ನು ಬೆರೆಸಬಾರದು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಕ್ಯಾಮೆರಾದವರು ಮೆಗಾಬಿಟ್‌ನಲ್ಲಿ ಹೇಳುತ್ತಾರೆ, ಡಿಸ್ಕಿನವರು ಮೆಗಾಬೈಟ್‌ನಲ್ಲಿ ಹೇಳುತ್ತಾರೆ. 100 ಮೆಗಾಬಿಟ್ ಎಂದರೆ ಕೇವಲ 12.5 ಮೆಗಾಬೈಟ್.

ತಿಂಗಳಿಗೆ ನಾಲ್ಕು ಗಂಟೆ ಚಿತ್ರೀಕರಿಸುವ ಹವ್ಯಾಸಿಯು ಮೂರನೆಯ ವಿಧಾನವನ್ನು ಬಳಸಿದರೆ ವರ್ಷಕ್ಕೆ 480 ಜಿಬಿ ಸಾಕು. ಐದನೆಯ ವಿಧಾನವನ್ನು ಬಳಸಿದರೆ ವರ್ಷಕ್ಕೆ 2,160 ಜಿಬಿ, ಅಂದರೆ ಎರಡು ಟಿಬಿಗೂ ಹೆಚ್ಚು ಬೇಕು. ದರಪಟ್ಟಿಯಲ್ಲಿದ್ದ 2 ಟಿಬಿ ಡಿಸ್ಕು ಆ ಹುಡುಗನ ಕ್ಯಾಮೆರಾಕ್ಕೆ ಒಂದು ವರ್ಷವೂ ಬಾರದು ಎಂಬುದು ಈ ಒಂದು ಗುಣಾಕಾರದಿಂದಲೇ ಸಿದ್ಧವಾಯಿತು.

ಇನ್ನೊಂದು ಮಾತು. 1 ಟಿಬಿ ಎಂದು ಕೊಂಡ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಇದು ತೂಕದಲ್ಲಿ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಸೇರು ಬೇರೆಯಾದಾಗ ಅಳತೆಯ ಅಂಕಿ ಬದಲಾಗುವಂತೆ, ಸರಕು ಅಷ್ಟೇ ಇರುತ್ತದೆ.

ತಡವರಿಕೆಗೆ ಕಾರಣ ಡಿಸ್ಕೇ?

"4ಕೆ ವಿಡಿಯೊ ಎಡಿಟ್ ಮಾಡುವಾಗ ತಡವರಿಸುತ್ತದೆ, ಆದ್ದರಿಂದ ಅತಿ ವೇಗದ ಡಿಸ್ಕು ಬೇಕು" ಎಂಬುದು ಹುಡುಗನ ವಾದವಾಗಿತ್ತು. ಈ ವಾದವನ್ನು ಅಂಕಿಗಳಿಂದ ಪರೀಕ್ಷಿಸೋಣ. 100 ಮೆಗಾಬಿಟ್‌ನ ವಿಡಿಯೊವನ್ನು ತೋರಿಸಲು ಡಿಸ್ಕು ಸೆಕೆಂಡಿಗೆ 12.5 ಎಂಬಿ ಒದಗಿಸಿದರೆ ಸಾಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಸಾಧಾರಣ ಹಾರ್ಡ್ ಡಿಸ್ಕು 150ರಿಂದ 250 ಎಂಬಿ ಒದಗಿಸಬಲ್ಲದು. ಹಾಗಾದರೆ ತಡವರಿಕೆ ಎಲ್ಲಿಂದ ಬಂತು?

ಬಹುಪಾಲು ಸಂದರ್ಭಗಳಲ್ಲಿ ಅದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನಿಂದ ಬರುತ್ತದೆ. ಮೊಬೈಲ್ ಮತ್ತು ಕ್ಯಾಮೆರಾಗಳು ವಿಡಿಯೊವನ್ನು ಬಿಗಿಯಾಗಿ ಮಡಚಿಟ್ಟಿರುತ್ತವೆ. ಪ್ರತಿ ಚೌಕಟ್ಟನ್ನೂ ಬಿಚ್ಚಿ ತೋರಿಸುವುದು ಶ್ರಮದ ಕೆಲಸ. ಡಿಸ್ಕಿನ ವೇಗವನ್ನು ಹತ್ತು ಪಟ್ಟು ಹೆಚ್ಚಿಸಿದರೂ ಆ ಶ್ರಮ ಕಡಿಮೆಯಾಗದು. ಇದಕ್ಕೆ ಪರಿಹಾರವು ಪ್ರಾಕ್ಸಿ ವಿಧಾನ, ಅಂದರೆ ಮೂಲ ವಿಡಿಯೊದ ಹಗುರ ನಕಲುಗಳನ್ನು ಮಾಡಿಕೊಂಡು ಅವುಗಳ ಮೇಲೆ ಕತ್ತರಿ ಆಡಿಸಿ, ಕೊನೆಯಲ್ಲಿ ಮೂಲದಿಂದಲೇ ಚಿತ್ರವನ್ನು ಹೊರತೆಗೆಯುವುದು. ಉಚಿತವಾಗಿ ದೊರೆಯುವ ಡಾವಿಂಚಿ ರಿಸಾಲ್ವ್‌ನಂತಹ ತಂತ್ರಾಂಶದಲ್ಲಿಯೂ ಈ ಸೌಲಭ್ಯವಿದೆ.

ಡಿಸ್ಕಿನ ಪಾತ್ರವೇ ಇಲ್ಲವೆಂದಲ್ಲ. ನಾಲ್ಕಾರು ತುಣುಕುಗಳನ್ನು ಒಟ್ಟಿಗೆ ಓಡಿಸುವಾಗ ಹಾರ್ಡ್ ಡಿಸ್ಕಿನ ಓದುವ ಮುಳ್ಳು ಅತ್ತಿಂದಿತ್ತ ಜಿಗಿಯಬೇಕಾಗುತ್ತದೆ. ಒಂದೊಂದು ಜಿಗಿತಕ್ಕೂ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲವಾದ್ದರಿಂದ ಈ ವಿಳಂಬವು ನಗಣ್ಯ. ಪ್ರೊರೆಸ್ ಬಳಸುವವರಿಗೆ ಒಂದು ತುಣುಕಿಗೇ ಸೆಕೆಂಡಿಗೆ 100 ಎಂಬಿ ಬೇಕು. ಮೂರು ತುಣುಕುಗಳಾದರೆ 300 ಎಂಬಿ, ಅದು ಹಾರ್ಡ್ ಡಿಸ್ಕಿನ ಶಕ್ತಿಯನ್ನು ಮೀರಿದ್ದು. ಆದ್ದರಿಂದ ಕೆಲಸ ನಡೆಯುವ ಜಾಗಕ್ಕೆ ಎಸ್‌ಎಸ್‌ಡಿ ಅವಶ್ಯ, ಆದರೆ ಅತಿ ದುಬಾರಿ ಎಸ್‌ಎಸ್‌ಡಿ ಅವಶ್ಯವಲ್ಲ.

ಡಿಸ್ಕುಗಳ ವರ್ಗೀಕರಣ

ಮಾರುಕಟ್ಟೆಯಲ್ಲಿ ದೊರೆಯುವ ಡಿಸ್ಕುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಹಾರ್ಡ್ ಡಿಸ್ಕು. ಇದರ ಮೂಲಪುರುಷನು 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ರಾಮಾಕ್ ಯಂತ್ರದಲ್ಲಿತ್ತು. 50 ತಟ್ಟೆಗಳು ಸೇರಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ಇಂದಿಗೂ ಟಿಬಿ ಒಂದಕ್ಕೆ ತಗಲುವ ವೆಚ್ಚದಲ್ಲಿ ಹಾರ್ಡ್ ಡಿಸ್ಕೇ ಅಗ್ಗ. ಸಂಗ್ರಹಕ್ಕೆ ಇದು ಯೋಗ್ಯ.

ಎರಡನೆಯದು ಸಾಟಾ ಎಸ್‌ಎಸ್‌ಡಿ. ಸೆಕೆಂಡಿಗೆ ಸುಮಾರು 550 ಎಂಬಿ. ಹಳೆಯ ಕಂಪ್ಯೂಟರಿಗೂ ಹೊಂದಿಕೊಳ್ಳುತ್ತದೆ.

ಮೂರನೆಯದು ಎನ್‌ವಿಎಂಇ ಎಸ್‌ಎಸ್‌ಡಿ. ಚೂಯಿಂಗ್ ಗಮ್ ಪಟ್ಟಿಯಂತಿರುವ ಇದು ಮದರ್‌ಬೋರ್ಡಿನ ಎಂ.2 ಸಂದಿಗೆ ನೇರವಾಗಿ ಕೂರುತ್ತದೆ. ಮೂರನೆಯ ತಲೆಮಾರಿನವು ಸುಮಾರು 3,500 ಎಂಬಿ, ನಾಲ್ಕನೆಯ ತಲೆಮಾರಿನವು ಸುಮಾರು 7,000 ಎಂಬಿ ವೇಗದವು. 300 ಎಂಬಿ ಬೇಕಾದ ಕೆಲಸಕ್ಕೆ ಇವೆರಡರ ನಡುವಿನ ವ್ಯತ್ಯಾಸವು ಕಣ್ಣಿಗೆ ಕಾಣುವುದಿಲ್ಲ. ಕೊಳ್ಳುವ ಮುನ್ನ ಗಮನಿಸತಕ್ಕ ಒಂದು ಅಂಶವೆಂದರೆ, ಎಂ.2 ಆಕಾರದಲ್ಲಿ ಸಾಟಾ ಡಿಸ್ಕುಗಳೂ ಇವೆ. ಎಲ್ಲ ಸಂದಿಗಳೂ ಎರಡನ್ನೂ ಒಪ್ಪುವುದಿಲ್ಲ. ಮದರ್‌ಬೋರ್ಡಿನ ಕೈಪಿಡಿಯನ್ನು ನೋಡಿಯೇ ಆರ್ಡರ್ ಕೊಡತಕ್ಕದ್ದು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಕಾಣದ ಸಂಗತಿಗಳು

ವರ್ತಕರಾದ ನಾವು ಸರಕಿನ ಮೇಲಿನ ದೊಡ್ಡ ಅಕ್ಷರಕ್ಕಿಂತ ಸಣ್ಣ ಅಕ್ಷರವನ್ನು ಹೆಚ್ಚು ಎಚ್ಚರದಿಂದ ಓದುವವರು. ಡಿಸ್ಕುಗಳಲ್ಲಿ ಅಂತಹ ನಾಲ್ಕು ಸಂಗತಿಗಳಿವೆ.

ಮೊದಲನೆಯದಾಗಿ, ಎಸ್‌ಎಸ್‌ಡಿಗಳಲ್ಲಿ ಟಿಎಲ್‌ಸಿ ಮತ್ತು ಕ್ಯೂಎಲ್‌ಸಿ ಎಂಬ ಭೇದವಿದೆ. ಒಂದು ಕೋಶದಲ್ಲಿ ಮೂರು ಬಿಟ್ ಇಡುವುದು ಟಿಎಲ್‌ಸಿ, ನಾಲ್ಕು ಬಿಟ್ ಇಡುವುದು ಕ್ಯೂಎಲ್‌ಸಿ. ಎರಡನೆಯದು ಅಗ್ಗ. ಆದರೆ ನೂರಾರು ಜಿಬಿ ವಿಡಿಯೊವನ್ನು ಒಮ್ಮೆಲೇ ತುಂಬಿದಾಗ ಅದರ ತಾತ್ಕಾಲಿಕ ವೇಗದ ಅಂಗಳವು ತುಂಬಿಹೋಗಿ, ಬರೆಯುವ ವೇಗವು ಕೆಲವೊಮ್ಮೆ ಹಾರ್ಡ್ ಡಿಸ್ಕಿಗಿಂತಲೂ ಕೆಳಗಿಳಿಯುತ್ತದೆ. ಸಂಕಲನದ ಕೆಲಸಕ್ಕೆ ಟಿಎಲ್‌ಸಿ ಉತ್ತಮ.

ಎರಡನೆಯದಾಗಿ, ಎಸ್‌ಎಸ್‌ಡಿಗೆ ಬರೆಯುವಿಕೆಯ ಆಯುಷ್ಯವಿದೆ. 1 ಟಿಬಿಯ ಒಂದು ಒಳ್ಳೆಯ ಡಿಸ್ಕಿಗೆ 600 ಟಿಬಿಯಷ್ಟು ಬರೆಯುವ ಭರವಸೆಯನ್ನು ಕೊಟ್ಟಿರುತ್ತಾರೆ. ದಿನವೂ 100 ಜಿಬಿ ಬರೆದರೂ 6,000 ದಿನ, ಅಂದರೆ 16 ವರ್ಷಕ್ಕೂ ಹೆಚ್ಚು. ಹವ್ಯಾಸಿಯು ಈ ಬಗ್ಗೆ ಚಿಂತಿಸಬೇಕಾಗಿಲ್ಲ.

ಮೂರನೆಯದಾಗಿ, ಹಾರ್ಡ್ ಡಿಸ್ಕುಗಳಲ್ಲಿ ಸಿಎಂಆರ್ ಮತ್ತು ಎಸ್‌ಎಂಆರ್ ಎಂಬ ಭೇದವಿದೆ. ಎಸ್‌ಎಂಆರ್‌ನಲ್ಲಿ ದಾಖಲೆಯ ಸಾಲುಗಳು ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ನಡುವಿನ ಒಂದು ಹೆಂಚನ್ನು ಬದಲಿಸಬೇಕಾದರೆ ಪಕ್ಕದವನ್ನೂ ಎತ್ತಬೇಕು. ಆದ್ದರಿಂದ ತಿದ್ದಿ ಬರೆಯುವ ಕೆಲಸದಲ್ಲಿ ಇವು ನಿಧಾನ. ಕೆಲವು ಮಾದರಿಗಳಲ್ಲಿ ಈ ಸಂಗತಿಯನ್ನು ಸ್ಪಷ್ಟವಾಗಿ ನಮೂದಿಸಿರಲಿಲ್ಲವೆಂದು 2020ರಲ್ಲಿ ಗ್ರಾಹಕರು ಆಕ್ಷೇಪಿಸಿದ ಮೇಲೆ ತಯಾರಕರು ಪಟ್ಟಿಯನ್ನು ಪ್ರಕಟಿಸಿದರು. ಕಂಪ್ಯೂಟರಿನೊಳಗೆ ಸದಾ ಬಳಸುವ ಡಿಸ್ಕು ಸಿಎಂಆರ್ ಇರಲಿ. ಒಮ್ಮೆ ತುಂಬಿಸಿ ಬೀರುವಿನಲ್ಲಿಡುವ ಡಿಸ್ಕು ಎಸ್‌ಎಂಆರ್ ಆದರೂ ಅಡ್ಡಿಯಿಲ್ಲ.

ನಾಲ್ಕನೆಯದಾಗಿ, ನಕಲಿ ಸರಕು. ಆನ್‌ಲೈನಿನಲ್ಲಿ ಅತಿ ಅಗ್ಗದ ಬೆಲೆಗೆ "16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ" ಎಂದು ಮಾರುವುದನ್ನು ನೀವು ನೋಡಿರಬಹುದು. ಒಳಗೆ ಒಂದು ಸಣ್ಣ ಮೆಮೊರಿ ಕಾರ್ಡನ್ನು ಇಟ್ಟು, ಕಂಪ್ಯೂಟರಿಗೆ 16 ಟಿಬಿ ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ತುಂಬಿದಂತೆ ಕಾಣುತ್ತದೆ, ತೆರೆದಾಗ ಕಡತವಿರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶವು ಡಿಸ್ಕನ್ನು ಪೂರ್ತಿ ತುಂಬಿಸಿ ಮರಳಿ ಓದಿ ಈ ಸುಳ್ಳನ್ನು ಬಯಲು ಮಾಡುತ್ತದೆ. ಯಾವುದೇ ಹೊಸ ಡಿಸ್ಕನ್ನು ಮೊದಲ ದಿನವೇ ಹೀಗೆ ಪರೀಕ್ಷಿಸುವುದು ಒಳಿತು.

ಬೆಲೆಯ ಬಗ್ಗೆ ಒಂದು ಮಾತು. ಡಿಸ್ಕುಗಳ ಬೆಲೆ ಸದಾ ಇಳಿಯುತ್ತಲೇ ಇರುತ್ತದೆ ಎಂಬ ನಂಬಿಕೆ ಸರಿಯಲ್ಲ. 2011ರಲ್ಲಿ ಥಾಯ್ಲೆಂಡಿನ ಪ್ರವಾಹದಿಂದ ಕಾರ್ಖಾನೆಗಳು ಮುಳುಗಿ ಹಾರ್ಡ್ ಡಿಸ್ಕುಗಳ ಬೆಲೆ ಲೋಕದಾದ್ಯಂತ ಏರಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಮತ್ತು ಎಸ್‌ಎಸ್‌ಡಿಗಳ ಬೆಲೆ ಏರಿತು. ಆದ್ದರಿಂದ ಈ ಲೇಖನದಲ್ಲಿ ನಾನು ದರಗಳನ್ನು ನಮೂದಿಸಿಲ್ಲ. ಕೊಳ್ಳುವ ವಾರದಲ್ಲಿಯೇ ಎರಡು ಮೂರು ಕಡೆ ದರಪಟ್ಟಿ ಪಡೆಯುವುದು ಸೂಕ್ತ.

ನಾನೇ ಮಾಡಿದ ತಪ್ಪು

ಇಲ್ಲಿಯವರೆಗೆ ಹೇಳಿದ್ದನ್ನು ಯಾವ ಅಂಗಡಿಯ ಜಾಣ ಹುಡುಗನಾದರೂ ಹೇಳಬಲ್ಲನು. ಈಗ ಹೇಳುವುದು ನನ್ನ ಸ್ವಂತ ನಷ್ಟದ ಲೆಕ್ಕ.

ನಮ್ಮ ತಂದೆಯವರು ಕಂಪ್ಲಿಯಲ್ಲಿ ಭತ್ತದ ವ್ಯಾಪಾರ ಮಾಡಿದವರು. 2009ರಲ್ಲಿ, ಅವರ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ನಾನು ಅವರನ್ನು ಮನೆಯ ಪಡಸಾಲೆಯಲ್ಲಿ ಕೂರಿಸಿ ಮೂರು ಭಾನುವಾರ ಮೂರು ಟೇಪುಗಳಲ್ಲಿ ಚಿತ್ರೀಕರಿಸಿದೆ. ಹೊಳೆ ತುಂಬಿ ಸೇತುವೆ ಮುಳುಗಿದ ದಿನಗಳಲ್ಲಿ ಗಂಗಾವತಿ ಕಡೆಯ ಗಿರಾಕಿಗಳ ಲೆಕ್ಕ ಹೇಗೆ ನಿಲ್ಲುತ್ತಿತ್ತು, ಬರದ ವರ್ಷದಲ್ಲಿ ಯಾರಿಗೆ ಉದ್ದರಿ ಕೊಟ್ಟರು, ಯಾರು ಹದಿನಾಲ್ಕು ವರ್ಷದ ಮೇಲೆ ಬಂದು ಬಡ್ಡಿಸಮೇತ ತೀರಿಸಿದರು ಇತ್ಯಾದಿ ವಿಷಯಗಳನ್ನೆಲ್ಲ ಅವರು ಹೆಸರು, ಮೊತ್ತ ಸಮೇತ ಹೇಳಿದ್ದರು.

ಮೂರು ಟೇಪುಗಳ ವಿಡಿಯೊ ಸುಮಾರು 39 ಜಿಬಿ ಆಯಿತು. ಅದನ್ನು ಒಂದು ಬಾಹ್ಯ ಹಾರ್ಡ್ ಡಿಸ್ಕಿಗೆ ಇಳಿಸಿದೆ. ಆಮೇಲೆ ಮಾಡಿದ ಕೆಲಸವನ್ನು ಬರೆಯಲು ಇಂದಿಗೂ ಸಂಕೋಚವಾಗುತ್ತದೆ. ಹೊಸ ಟೇಪಿನ ಕೆಲವೇ ನೂರು ರೂಪಾಯಿ ಉಳಿಸಲು ಅದೇ ಟೇಪುಗಳ ಮೇಲೆ ಬಂಧುಗಳ ಮನೆಯ ಮದುವೆಯನ್ನು ಚಿತ್ರೀಕರಿಸಿದೆ. ತಂದೆಯವರು 2012ರಲ್ಲಿ ತೀರಿಕೊಂಡರು. 2015ರಲ್ಲಿ ಆ ಡಿಸ್ಕು ಮೇಜಿನಿಂದ ಕೆಳಕ್ಕೆ ಬಿದ್ದಿತು. ಎತ್ತಿ ಜೋಡಿಸಿದಾಗ ಟಕ್ ಟಕ್ ಎಂಬ ಸದ್ದೊಂದೇ ಬಂದಿತು. ಬೆಂಗಳೂರಿನ ದತ್ತಾಂಶ ಚೇತರಿಕೆಯವರು ತಟ್ಟೆಯ ಮೇಲ್ಮೈಯೇ ಗೀರಿಹೋಗಿದೆ ಎಂದು ಡಿಸ್ಕನ್ನು ಹಿಂದಿರುಗಿಸಿದರು.

ಇಂದು ನಮ್ಮಲ್ಲಿ ಉಳಿದಿರುವುದು ಹನ್ನೊಂದು ನಿಮಿಷ. ಅದೂ ನನ್ನ ಜಾಣ್ಮೆಯಿಂದಲ್ಲ. ನನ್ನ ತಂಗಿ ಒಮ್ಮೆ ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಹೋಗಿದ್ದ ತುಣುಕು ಅದು. ಮೂವತ್ತು ವರ್ಷಗಳಿಂದ ಕಕ್ಷಿದಾರರಿಗೆ "ಲೆಕ್ಕದ ಪ್ರತಿ ಎರಡು ಕಡೆ ಇರಲಿ" ಎಂದು ಬೋಧಿಸಿದವನು ತನ್ನ ಮನೆಯ ಲೆಕ್ಕದಲ್ಲಿ ತಪ್ಪಿದ್ದನು. ಡಿಸ್ಕಿಗೆ ಇನ್ನೂ ವಾರಂಟಿ ಇದ್ದಿದ್ದರೆ ಹೊಸ ಡಿಸ್ಕು ಸಿಗುತ್ತಿತ್ತು. ತಂದೆಯವರ ಮಾತು ಯಾವ ವಾರಂಟಿಯಲ್ಲಿಯೂ ಸೇರಿರುವುದಿಲ್ಲ.

ಎರಡನೆಯ ಪ್ರತಿ ಎಂದರೆ ಯಾವುದು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. 33 ಗೇಟುಗಳಲ್ಲಿ 32 ತಮ್ಮ ಜಾಗದಲ್ಲಿಯೇ ನಿಂತಿದ್ದವು. ಆದರೂ ತಾತ್ಕಾಲಿಕ ಸ್ಟಾಪ್‌ಲಾಗ್ ಕೂರಿಸುವವರೆಗೆ ಸುಮಾರು ಒಂದು ವಾರ ತುಂಬಿದ ಜಲಾಶಯದ ನೀರು ಹೊಳೆಗೆ ಹರಿಯಿತು. ಒಂದು ಸರಪಳಿ ಹೋದರೆ ಹಿಡಿದುಕೊಳ್ಳಲು ಮತ್ತೊಂದು ಸಿದ್ಧವಿದೆಯೇ ಎಂಬ ಪ್ರಶ್ನೆಯನ್ನು ಆ ವಾರ ಕಂಪ್ಲಿಯ ರೈತರಿಂದ ಹೊಸಪೇಟೆಯ ವರ್ತಕರವರೆಗೆ ಪ್ರತಿಯೊಬ್ಬರೂ ಕೇಳಿದರು. ಡಿಸ್ಕಿನ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ.

ಎರಡನೆಯ ಪ್ರತಿ ಎಂದು ಜನರು ತಪ್ಪಾಗಿ ಭಾವಿಸುವ ಕೆಲವನ್ನು ಮೊದಲು ತಳ್ಳಿಹಾಕಬೇಕಾಗಿದೆ.

ಸಿ ಡ್ರೈವಿನಲ್ಲೊಂದು, ಡಿ ಡ್ರೈವಿನಲ್ಲೊಂದು ಇಟ್ಟಿದ್ದೇನೆ ಎನ್ನುವವರಿದ್ದಾರೆ. ಅನೇಕ ಕಂಪ್ಯೂಟರುಗಳಲ್ಲಿ ಇವೆರಡೂ ಒಂದೇ ಡಿಸ್ಕಿನ ಎರಡು ಖಾನೆಗಳು. ಒಂದೇ ಪೆಟ್ಟಿಗೆಯ ಎರಡು ಅರೆಗಳಲ್ಲಿ ಹಣವಿಟ್ಟರೆ ಕಳ್ಳನು ಪೆಟ್ಟಿಗೆಯನ್ನೇ ಹೊರುತ್ತಾನೆ.

ರೇಡ್ ಎಂಬ ವ್ಯವಸ್ಥೆಯಲ್ಲಿ ಎರಡು ಡಿಸ್ಕುಗಳು ಕನ್ನಡಿಯಂತೆ ಒಂದನ್ನೊಂದು ಅನುಸರಿಸುತ್ತವೆ. ಒಂದು ಕೆಟ್ಟರೆ ಮತ್ತೊಂದು ಉಳಿಯುತ್ತದೆ, ನಿಜ. ಆದರೆ ಕೈತಪ್ಪಿ ಅಳಿಸಿದರೆ ಎರಡರಲ್ಲಿಯೂ ಅಳಿಯುತ್ತದೆ. ಸಿಡಿಲು, ವೈರಸ್, ಕಳವು ಇವುಗಳಿಗೆ ಎರಡೂ ಒಟ್ಟಿಗೆ ತುತ್ತಾಗುತ್ತವೆ. ರೇಡ್ ಸೊನ್ನೆ ಎಂಬ ವೇಗದ ವ್ಯವಸ್ಥೆಯಲ್ಲಂತೂ ಯಾವ ಒಂದು ಡಿಸ್ಕು ಕೆಟ್ಟರೂ ಸರ್ವಸ್ವವೂ ಹೋಗುತ್ತದೆ. ಹವ್ಯಾಸಿಗಳು ಅದರ ಗೊಡವೆಗೆ ಹೋಗದಿರುವುದು ಲೇಸು.

ಕ್ಲೌಡ್ ಸೇವೆ ಒಳ್ಳೆಯದೇ. ಆದರೆ ಸೆಕೆಂಡಿಗೆ 20 ಮೆಗಾಬಿಟ್ ಮೇಲೇರಿಸುವ ಸಂಪರ್ಕದಲ್ಲಿ 45 ಜಿಬಿ ಏರಿಸಲು ಐದು ಗಂಟೆ ಬೇಕು. ಆದ್ದರಿಂದ ಸಿದ್ಧವಾದ ಚಿತ್ರ, ಸಂಕಲನದ ಪ್ರಾಜೆಕ್ಟ್ ಕಡತ, ಅಮೂಲ್ಯವಾದ ಕೆಲವು ತುಣುಕುಗಳನ್ನು ಮಾತ್ರ ಅಲ್ಲಿ ಇಡಬಹುದು.

ಹಾಗಾದರೆ ಸರಿಯಾದ ಕ್ರಮ ಯಾವುದು? ಛಾಯಾಗ್ರಾಹಕರಲ್ಲಿ ರೂಢಿಗೆ ಬಂದ 3-2-1 ಎಂಬ ಸೂತ್ರವಿದೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಮನೆಯ ಪ್ರತಿಯನ್ನು ಅಂಗಡಿಯಲ್ಲಿ, ಅಂಗಡಿಯ ಪ್ರತಿಯನ್ನು ಮನೆಯಲ್ಲಿ ಇಡುವುದು ವರ್ತಕರಿಗೆ ಸುಲಭ. ಎರಡು ಡಿಸ್ಕುಗಳಿಗೆ ಇಳಿಸಿ, ತೆರೆದು ನೋಡುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸಬಾರದು. ನಾನು ತಪ್ಪಿದ್ದು ಇಲ್ಲಿಯೇ.

ನಮ್ಮ ಸೀಮೆಯ ಬಿಸಿಲು, ಧೂಳು, ವಿದ್ಯುತ್ತು

ಎಸ್‌ಎಸ್‌ಡಿಯಲ್ಲಿ ದತ್ತಾಂಶವು ವಿದ್ಯುದಾವೇಶದ ರೂಪದಲ್ಲಿ ಇರುತ್ತದೆ. ವಿದ್ಯುತ್ತಿನ ಸಂಪರ್ಕವಿಲ್ಲದೆ ಬಹುಕಾಲ ಇಟ್ಟರೆ ಅದು ಕ್ಷೀಣಿಸುತ್ತದೆ, ಶಾಖ ಹೆಚ್ಚಿದಷ್ಟೂ ಬೇಗ. ಬರೆಯುವ ಆಯುಷ್ಯವನ್ನು ಪೂರ್ತಿ ಸವೆಸಿದ ಗೃಹಬಳಕೆಯ ಎಸ್‌ಎಸ್‌ಡಿಯು 30 ಡಿಗ್ರಿಯಲ್ಲಿ ಒಂದು ವರ್ಷ ದತ್ತಾಂಶವನ್ನು ಹಿಡಿದಿರಬೇಕೆಂಬುದು ಜೆಡೆಕ್ ಸಂಸ್ಥೆಯ ಮಾನದಂಡ. ಹೊಸ ಡಿಸ್ಕು ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದೀತು. ಆದರೂ ಬೇಸಿಗೆಯಲ್ಲಿ 40 ಡಿಗ್ರಿಯನ್ನು ಮುಟ್ಟುವ ನಮ್ಮ ಊರುಗಳಲ್ಲಿ ಬೀರುವಿನೊಳಗೆ ವರ್ಷಗಟ್ಟಲೆ ಇಡುವ ಪ್ರತಿಗೆ ಹಾರ್ಡ್ ಡಿಸ್ಕೇ ಸೂಕ್ತ. ಅದನ್ನೂ ಆರು ತಿಂಗಳಿಗೊಮ್ಮೆ ಜೋಡಿಸಿ ನಡೆಸಿ ನೋಡಬೇಕು.

ಸಂಡೂರಿನ ಕಡೆಯ ಕೆಂಪು ಧೂಳು ಹಾರ್ಡ್ ಡಿಸ್ಕಿನೊಳಗೆ ಹೋಗಿ ಕೆಡಿಸುತ್ತದೆ ಎಂಬ ಭಯವು ಕೆಲವರಲ್ಲಿದೆ. ಡಿಸ್ಕಿನ ಉಸಿರಾಟದ ರಂಧ್ರಕ್ಕೆ ಸೂಕ್ಷ್ಮ ಸೋಸುಕವಿರುವುದರಿಂದ ಹಾಗಾಗುವುದು ಅಪರೂಪ. ಧೂಳಿನ ಹಾನಿ ಬೇರೆ ದಾರಿಯಲ್ಲಿ ಬರುತ್ತದೆ. ಅದು ಫ್ಯಾನುಗಳನ್ನೂ ಗಾಳಿಯ ಕಿಂಡಿಗಳನ್ನೂ ಮುಚ್ಚಿ ಪೆಟ್ಟಿಗೆಯ ಒಳಗನ್ನು ಕಾಯಿಸುತ್ತದೆ. ಎನ್‌ವಿಎಂಇ ಡಿಸ್ಕು ಕಾದೊಡನೆ ತಾನಾಗಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ. 7,000 ಎಂಬಿಗೆ ಹಣ ತೆತ್ತವನು ಮೇ ತಿಂಗಳಿನಲ್ಲಿ ಅದರ ಪೂರ್ಣ ಲಾಭವನ್ನು ಪಡೆಯಲಾರ. ಎರಡು ತಿಂಗಳಿಗೊಮ್ಮೆ ಧೂಳು ತೆಗೆಸುವುದು, ಡಿಸ್ಕಿಗೆ ಅಲ್ಯೂಮಿನಿಯಂ ಶಾಖಹೀರಕ ಹಾಕಿಸುವುದು ಅಲ್ಪ ಖರ್ಚಿನ ಉಪಾಯಗಳು.

ವಿದ್ಯುತ್ತು ಹಠಾತ್ತನೆ ಹೋದಾಗ ಬರೆಯುತ್ತಿದ್ದ ಕಡತವು ಅರ್ಧಕ್ಕೆ ನಿಂತು ಕೆಡಬಹುದು. ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಸಂಕಲನದ ಕಂಪ್ಯೂಟರನ್ನು ನಡೆಸಬಾರದು.

ತೆರಿಗೆ ಮತ್ತು ದಾಖಲೆಗಳ ದೃಷ್ಟಿಯಿಂದ

ಡಿಸ್ಕುಗಳ ಮೇಲಿನ ಜಿಎಸ್‌ಟಿ ಶೇ. 18. ವ್ಯಾಪಾರದ ಪ್ರಚಾರಕ್ಕಾಗಿ ಬಳಸುವುದಾದರೆ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯೊಡನೆ ಬಿಲ್ಲು ಪಡೆದು ಹೂಡುವಳಿ ತೆರಿಗೆಯ ಜಮೆ ತೆಗೆದುಕೊಳ್ಳಬಹುದು. ಹಾಗೆ ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಕಂಪ್ಯೂಟರುಗಳ ಸವಕಳಿ ದರವು ಆರ್ಥಿಕ ವರ್ಷ 2017-18ರಿಂದ ಶೇ. 60ರಿಂದ ಶೇ. 40ಕ್ಕೆ ಇಳಿದಿದೆ. ಕೇವಲ ಮಗನ ಹವ್ಯಾಸಕ್ಕಾದರೆ ಅದು ಸ್ವಂತ ಖರ್ಚು, ಅಂಗಡಿಯ ಖಾತೆಗೆ ಹಾಕತಕ್ಕದ್ದಲ್ಲ. ಎರಡಕ್ಕೂ ಬಳಸಿದರೆ ವ್ಯಾಪಾರದ ಭಾಗಕ್ಕೆ ಮಾತ್ರ ಜಮೆ.

ಇದೇ ಸಂದರ್ಭದಲ್ಲಿ ಅಂಗಡಿಯ ಲೆಕ್ಕದ ದತ್ತಾಂಶವನ್ನೂ ನೆನಪಿಸುವೆ. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ದಾಖಲೆಗಳನ್ನು ಉಳಿಸಿಕೊಳ್ಳಬೇಕು. ಕಂಪನಿಗಳು ಎಂಟು ಆರ್ಥಿಕ ವರ್ಷಗಳ ಪುಸ್ತಕಗಳನ್ನು ಇಡಬೇಕು. ವಿದ್ಯುನ್ಮಾನ ಲೆಕ್ಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕೆಂದು 2022ರ ಆಗಸ್ಟ್‌ನ ತಿದ್ದುಪಡಿ ವಿಧಿಸಿದೆ. "ಡಿಸ್ಕು ಕೆಟ್ಟಿತು" ಎಂಬುದು ಅಧಿಕಾರಿಗಳ ಮುಂದೆ ಸಮರ್ಥನೆಯಾಗಲಾರದು.

ಪರಿಷ್ಕೃತ ದರಪಟ್ಟಿ

ಕೊನೆಗೆ ನಮ್ಮ ಸದಸ್ಯರ ದರಪಟ್ಟಿಯಲ್ಲಿ ಒಂದು ಸಾಲಿನ ಬದಲು ನಾಲ್ಕು ಸಾಲು ಬರೆದುಕೊಟ್ಟೆ:

1. ವಿಂಡೋಸ್ ಮತ್ತು ತಂತ್ರಾಂಶಗಳಿಗೆ ಸಾಧಾರಣ ವೇಗದ 500 ಜಿಬಿ ಎನ್‌ವಿಎಂಇ. ಇದು ಕೈಯಲ್ಲಿರುವ ನಗದಿನಂತೆ.
2. ನಡೆಯುತ್ತಿರುವ ಕೆಲಸಕ್ಕೆ 1 ಟಿಬಿ ಟಿಎಲ್‌ಸಿ ಎಸ್‌ಎಸ್‌ಡಿ. ಇದು ಅಂಗಡಿಯ ಕಟ್ಟೆಯ ಮೇಲಿನ ಸರಕು. ಚಿತ್ರ ಮುಗಿದೊಡನೆ ಇಲ್ಲಿಂದ ಖಾಲಿಯಾಗಬೇಕು. ಐದನೆಯ ಒಂದು ಭಾಗ ಸದಾ ಖಾಲಿ ಇರಲಿ.
3. ಸಂಗ್ರಹಕ್ಕೆ 4 ಟಿಬಿ ಸಿಎಂಆರ್ ಹಾರ್ಡ್ ಡಿಸ್ಕು. ಇದು ಗೋದಾಮು.
4. ಅದೇ ಸಂಗ್ರಹದ ಪ್ರತಿಗೆ 4 ಟಿಬಿ ಬಾಹ್ಯ ಹಾರ್ಡ್ ಡಿಸ್ಕು. ಭಾನುವಾರ ಮನೆಯಲ್ಲಿ ಪ್ರತಿ ಮಾಡಿ ಸೋಮವಾರ ಅಂಗಡಿಯ ಬೀರುವಿಗೆ.

ಹಣ ಸಾಲದಿದ್ದರೆ ಯಾವುದನ್ನು ಬಿಡಬೇಕೆಂದು ಅವರು ಕೇಳಿದರು. ಒಂದು ಮತ್ತು ಎರಡನ್ನು ಸೇರಿಸಿ ಒಂದೇ 1 ಟಿಬಿ ಎಸ್‌ಎಸ್‌ಡಿ ಮಾಡಿಕೊಳ್ಳಿ, ನಾಲ್ಕನೆಯದನ್ನು ಮಾತ್ರ ಬಿಡಬೇಡಿ ಎಂದೆ. ನಿಧಾನವಾದ ಡಿಸ್ಕು ಕೆಲವು ನಿಮಿಷಗಳನ್ನು ಕಳೆಯುತ್ತದೆ. ಒಂಟಿ ಡಿಸ್ಕು ವರ್ಷಗಳನ್ನೇ ಕಳೆಯುತ್ತದೆ.

ಬ್ಯಾಕಪ್ ಇದೆ ಎಂದರೆ ಸಾಲದು, ಅದು ತೆರೆಯುತ್ತದೆಯೇ ಎಂದು ನೋಡಬೇಕು. ದಾಸ್ತಾನನ್ನು ಪುಸ್ತಕದಲ್ಲಿ ಓದುವುದಕ್ಕೂ ಗೋದಾಮಿಗೆ ಹೋಗಿ ಎಣಿಸುವುದಕ್ಕೂ ಇರುವ ವ್ಯತ್ಯಾಸವು ನಮಗೆ ಗೊತ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶವು ಡಿಸ್ಕಿನ ಆರೋಗ್ಯವನ್ನು ತೋರಿಸುತ್ತದೆ, ಆದರೆ ಮುನ್ಸೂಚನೆಯಿಲ್ಲದೆ ಕೆಡುವ ಡಿಸ್ಕುಗಳೂ ಇವೆ. ನಾನೀಗ ಪ್ರತಿ ವರ್ಷ ದೀಪಾವಳಿಯಲ್ಲಿ ಖಾತೆ ಪುಸ್ತಕಗಳ ಪೂಜೆಯಾದ ಮೇಲೆ ಎಲ್ಲ ಡಿಸ್ಕುಗಳನ್ನೂ ಒಂದೊಂದಾಗಿ ಜೋಡಿಸಿ, ಪ್ರತಿಯೊಂದರಿಂದಲೂ ಒಂದು ತುಣುಕನ್ನು ತೆರೆದು ನೋಡುತ್ತೇನೆ. ತಂದೆಯವರ ಹನ್ನೊಂದು ನಿಮಿಷವು ಇಂದು ನಾಲ್ಕು ಕಡೆ ಇದೆ. ಸದಸ್ಯ ಬಂಧುಗಳು ತಮ್ಮ ಹಿರಿಯರ ಮಾತನ್ನು ಚಿತ್ರೀಕರಿಸಿಟ್ಟಿದ್ದರೆ, ಈ ಲೇಖನವನ್ನು ಓದಿ ಮುಗಿಸಿದ ದಿನವೇ ಅದರ ಪ್ರತಿ ಎಷ್ಟು ಕಡೆ ಇದೆಯೆಂದು ಎಣಿಸಿಕೊಳ್ಳಬೇಕೆಂದು ವಿನಂತಿ.